ಮನೆತನ ಕಟ್ಟಿದ ಕಾರ್ಖಾನೆಯ ಚರಿತ್ರೆಯನ್ನು ಬರೆಯುವ ಬಗೆ

ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡಿದ್ದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಡಿಸಿಎಂ ಟೌನ್‌ಶಿಪ್‌ನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಆ ಹೆಸರು ದಾವಣಗೆರೆ ಕಾಟನ್ ಮಿಲ್ಸ್‌ನಿಂದ ಬಂದದ್ದೆಂದು ತಿಳಿಯದಿದ್ದರೆ ತಪ್ಪು ಅವರದಲ್ಲ, ಹೇಳದೇ ಬಿಟ್ಟ ನಮ್ಮದು. ದೊಡ್ಡ ಗಿರಣಿಗಳ ಮಾತು ಹಾಗಿರಲಿ. ಊರಿನ ಎರಕದ ಫೌಂಡ್ರಿಗಳು, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಗಳು, ಅಕ್ಕಿ ಗಿರಣಿಗಳು, ಚಳ್ಳಕೆರೆಯ ಶೇಂಗಾ ಎಣ್ಣೆ ಗಿರಣಿಗಳು, ಹರಿಹರದ ಬಿಡಿಭಾಗದ ವರ್ಕ್‌ಶಾಪುಗಳು, ಇವುಗಳಲ್ಲಿ ಎಷ್ಟೋ ಒಂದೇ ಮನೆಯ ಅಣ್ಣತಮ್ಮಂದಿರು ಕಟ್ಟಿ ನಿಲ್ಲಿಸಿದವು. ಇವುಗಳ ಮೂರನೆಯ ತಲೆಮಾರಿನವರಿಗೆ ಈಗ ಐವತ್ತನೆಯ ಅಥವಾ ಎಪ್ಪತ್ತೈದನೆಯ ವರ್ಷದ ನೆಪದಲ್ಲಿ ಒಂದು ಪುಸ್ತಕ ಮಾಡಿಸಬೇಕೆಂಬ ಆಸೆ ಇದೆ. ಸಾಮಾನ್ಯವಾಗಿ ಅದು ಮಠಾಧೀಶರ ಆಶೀರ್ವಚನ, ಗಣ್ಯರ ಶುಭಾಶಯ, ಹಾರ ಹಾಕಿದ ಭಾವಚಿತ್ರ, ಹೊಸ ಯಂತ್ರಗಳ ಬಣ್ಣದ ಫೋಟೊ ಇಷ್ಟರಲ್ಲಿ ಮುಗಿಯುತ್ತದೆ. ಅಂಥ ಸ್ಮರಣ ಸಂಚಿಕೆ ಬೇಡವೆಂದಲ್ಲ. ಆದರೆ ಅದು ಚರಿತ್ರೆಯಲ್ಲ. ಚರಿತ್ರೆ ಎಂದರೆ ಬಂಡವಾಳ ಎಲ್ಲಿಂದ ಬಂತು, ಯಂತ್ರ ಎಲ್ಲಿಂದ ಬಂತು, ಯಾರ ಕೈ ಅದನ್ನು ನಡೆಸಿತು, ಯಾವ ವರ್ಷ ಏಕೆ ನಷ್ಟವಾಯಿತು ಎಂಬುದನ್ನು ಪುರಾವೆಯೊಡನೆ ಹೇಳುವುದು. ಅಂಥ ಚರಿತ್ರೆಯನ್ನು ಬರೆಯಲು ಹೊರಟವರಿಗಾಗಿ ಈ ಬರಹ.

ಕಾಗದವನ್ನು ಮೊದಲು ಉಳಿಸಿಕೊಳ್ಳಿ

ಬರವಣಿಗೆಯನ್ನು ಆರಂಭಿಸುವ ಮೊದಲು ಮಾಡಬೇಕಾದ ಕೆಲಸ ಒಂದೇ: ಮನೆಯ ಅಟ್ಟ, ಕಾರ್ಖಾನೆಯ ಹಳೆಯ ಆಫೀಸು ಮತ್ತು ಗೋದಾಮಿನಿಂದ ಒಂದು ಕಾಗದವೂ ರದ್ದಿಗೆ ಹೋಗದಂತೆ ನೋಡಿಕೊಳ್ಳುವುದು. ದೀಪಾವಳಿಯ ಸ್ವಚ್ಛತೆಯ ಸಮಯ ಇದಕ್ಕೆ ಅತ್ಯಂತ ಅಪಾಯದ ಸಮಯ. ದಿನದಿನದ ಜಮಾಖರ್ಚು ಬರೆದ ರೋಜು ಕಿರ್ದಿ, ಖಾತೆ ಪುಸ್ತಕ, ಹಾಜರಿ ಪುಸ್ತಕ, ಬ್ಯಾಂಕಿನ ಪತ್ರ, ರೈಲ್ವೆ ರಸೀದಿ, ವಿದ್ಯುತ್ ಬಿಲ್ಲು, ಕೋರ್ಟಿನ ಕಾಗದ, ಯಂತ್ರದ ಜೊತೆ ಬಂದ ಕೈಪಿಡಿ, ಇವೆಲ್ಲವೂ ಬೇಕು. ಇನ್ನೂ ಹಳೆಯ ವ್ಯಾಪಾರದ ಮನೆಯಾದರೆ ಕಡತಗಳೂ ಸಿಕ್ಕಾವು. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಸೇರಿಸಿ ಬಳಿದ ಕಪ್ಪು ಬಟ್ಟೆಯ ಮಡಿಕೆಯ ಮೇಲೆ ಬಳಪದಲ್ಲಿ ಬರೆದ ಲೆಕ್ಕ ಅದು. ಧೂಳು ಕಂಡಿತೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳಿನ ಜೊತೆಗೆ ಅಕ್ಷರವೂ ಹೋಗುತ್ತದೆ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಸಿಕ್ಕ ಕಟ್ಟನ್ನು ಸಿಕ್ಕ ಕ್ರಮದಲ್ಲಿಯೇ ಇಟ್ಟು, ಯಾವ ಪೆಟ್ಟಿಗೆಯಲ್ಲಿ ಯಾವುದರ ಪಕ್ಕದಲ್ಲಿ ಇತ್ತೆಂದು ಬರೆದುಕೊಂಡು, ಆಮೇಲೆ ಸ್ಕ್ಯಾನ್ ಮಾಡಿಸಬೇಕು. ಕಾಗದಕ್ಕೆ 300 ಡಿಪಿಐ ಸಾಕು, ಫೋಟೊಗಳಿಗೆ 600 ಒಳ್ಳೆಯದು.

ಕಿರ್ದಿಯನ್ನು ಓದಲು ಸ್ವಲ್ಪ ಅಭ್ಯಾಸ ಬೇಕಾಗುತ್ತದೆ. 1957ರ ಏಪ್ರಿಲ್ 1ರ ತನಕ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಹಾಗಾಗಿ ಹಳೆಯ ಪುಟದಲ್ಲಿ 5–8–0 ಎಂದಿದ್ದರೆ ಅದು ಐದೂವರೆ ರೂಪಾಯಿ. ಮಣ ಮತ್ತು ಸೇರಿನ ತೂಕ ಊರಿಂದೂರಿಗೆ ಬೇರೆ ಇತ್ತಾದ್ದರಿಂದ ಯಾವ ಪೇಟೆಯ ಮಣ ಎಂಬುದನ್ನು ವಿಚಾರಿಸದೆ ಕಿಲೋಗೆ ಪರಿವರ್ತಿಸಬಾರದು. ಹತ್ತಿಯ ವ್ಯಾಪಾರದ ಖಂಡಿ ಮಾತ್ರ 784 ಪೌಂಡ್ ಎಂದು ನಿಂತಿತ್ತು, ಇಂದಿನ ಲೆಕ್ಕದಲ್ಲಿ ಸುಮಾರು 356 ಕಿಲೋ. ಇದಕ್ಕಿಂತ ಹೆಚ್ಚು ಜನ ಎಡವುವುದು ವರ್ಷದ ಲೆಕ್ಕದಲ್ಲಿ. ನಮ್ಮ ವ್ಯಾಪಾರಸ್ಥರು ಬಲಿಪಾಡ್ಯಮಿಯಂದು ಹೊಸ ಪುಸ್ತಕಕ್ಕೆ ಪೂಜೆ ಮಾಡಿ ಲೆಕ್ಕ ಆರಂಭಿಸುತ್ತಿದ್ದರು. ಆದಾಯ ತೆರಿಗೆಗಾಗಿ ಎಲ್ಲರೂ ಮಾರ್ಚ್ 31ಕ್ಕೇ ಲೆಕ್ಕ ಮುಗಿಸಬೇಕೆಂಬ ನಿಯಮ ಬಂದದ್ದು 1989–90ರ ತೆರಿಗೆ ನಿರ್ಧರಣಾ ವರ್ಷದಿಂದ. ಆದ್ದರಿಂದ ಹಳೆಯ ಪುಸ್ತಕದ ಒಂದು ವರ್ಷದ ಲಾಭವನ್ನು ಇಂದಿನ ಆರ್ಥಿಕ ವರ್ಷದ ಪಕ್ಕಕ್ಕಿಟ್ಟು ಪಟ್ಟಿ ಮಾಡಿದರೆ ಪಟ್ಟಿ ಸುಳ್ಳಾಗುತ್ತದೆ. ಬಾಗಿಲ ತೊಲೆಯ ಮೇಲೆ ‘ಈಶ್ವರ ಸಂವತ್ಸರ, ಕಾರ್ತಿಕ ಶುದ್ಧ ಪಾಡ್ಯ’ ಎಂದು ಕೆತ್ತಿದ್ದರೆ ಅದು 1937ರ ನವೆಂಬರ್ ಆಗಿರಬಹುದು, 1997ರದೂ ಆಗಿರಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುವುದರಿಂದ ಮರದ ವಯಸ್ಸು, ಕೆತ್ತನೆಯ ಲಿಪಿ, ಗೋಡೆಯ ಗಾರೆಯನ್ನೂ ನೋಡಿಯೇ ತೀರ್ಮಾನಿಸಬೇಕು.

ದಿನಾಂಕವೇ ಇಲ್ಲದ ಪತ್ರಗಳಿಗೆ ಲೆಟರ್‌ಹೆಡ್ಡೇ ಸಾಕ್ಷಿ. ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಆ ಕಾಗದ ಅಚ್ಚಾದದ್ದು 1973ರ ನವೆಂಬರ್ 1ಕ್ಕಿಂತ ಮೊದಲು. ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ. ‘ನಯಾಪೈಸೆ’ ಎಂಬ ಪದವಿದ್ದರೆ ಅದು ಬಹುಮಟ್ಟಿಗೆ 1957 ಮತ್ತು 1964ರ ನಡುವಿನದು. ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದಿದ್ದರೆ 1997ರ ಆಗಸ್ಟ್ 15ಕ್ಕಿಂತ ಹಿಂದಿನದು, ಏಕೆಂದರೆ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು ಅಂದು. 29ರಿಂದ ಆರಂಭವಾಗುವ ಹದಿನೈದು ಸ್ಥಾನಗಳ ಜಿಎಸ್‌ಟಿ ಸಂಖ್ಯೆ ಇದ್ದರೆ 2017ರ ಈಚಿನದು. ಅಚ್ಚಾದ ಲೆಟರ್‌ಹೆಡ್ಡನ್ನು ಮುಗಿಯುವವರೆಗೆ ಬಳಸುವುದು ನಮ್ಮ ಅಂಗಡಿಗಳ ಪದ್ಧತಿಯಾದ್ದರಿಂದ ಇದರಿಂದ ಸಿಗುವುದು ಕಾಗದ ಅಚ್ಚಾದ ಕಾಲವೇ ಹೊರತು ಪತ್ರ ಬರೆದ ದಿನವಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಹುಟ್ಟಿದ ವರ್ಷ ಯಾವುದು

ಮನೆಯವರು ಹೇಳುವ ಸ್ಥಾಪನೆಯ ವರ್ಷವನ್ನು ಕೇಳಿದ ಕೂಡಲೇ ಮುಖಪುಟದ ಮೇಲೆ ಹಾಕಬೇಡಿ. ಮನೆತನದ ಉದ್ಯಮ ಒಮ್ಮೆ ಹುಟ್ಟುವುದಿಲ್ಲ. ನಮ್ಮ ನೆರೆಯ ಹರಿಹರಕ್ಕೆ ಸಂಬಂಧಪಟ್ಟ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದದ್ದು 1888ರಲ್ಲಿ ಎಂದು ಆ ಸಮೂಹ ಎಣಿಸುತ್ತದೆ. ಅವರ ಹೆಸರನ್ನು ರೈತರ ಬಾಯಿಗೆ ತಂದ ಕಬ್ಬಿಣದ ನೇಗಿಲು ಬಂದದ್ದು 1903ರಲ್ಲಿ. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ನೆರವಾದರು. ಅಲ್ಲಿ 1910ರಲ್ಲಿ ಕಾರ್ಖಾನೆಯೂ ಅದರ ಸುತ್ತ ಕಿರ್ಲೋಸ್ಕರ್‌ವಾಡಿ ಎಂಬ ಊರೂ ಎದ್ದವು. ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರಗಳಿಗೆ ಹೆಸರಾದ ಮೈಸೂರು ಕಿರ್ಲೋಸ್ಕರ್ ಹರಿಹರದಲ್ಲಿ ಆರಂಭವಾದದ್ದು 1941ರಲ್ಲಿ. ಈಗ ‘ಹರಿಹರದ ಕಿರ್ಲೋಸ್ಕರ್ ಯಾವಾಗ ಹುಟ್ಟಿತು’ ಎಂದು ಕೇಳಿದರೆ 1888 ಎನ್ನುವವರು ಮನೆತನವನ್ನು ಎಣಿಸುತ್ತಿದ್ದಾರೆ, 1941 ಎನ್ನುವವರು ಕಂಪನಿಯನ್ನು ಎಣಿಸುತ್ತಿದ್ದಾರೆ. ಎರಡೂ ಸರಿ. ಯಾವುದನ್ನು ಎಣಿಸುತ್ತಿದ್ದೇವೆ ಎಂದು ಹೇಳದಿರುವುದು ಮಾತ್ರ ತಪ್ಪು.

ನೀವು ಬರೆಯುತ್ತಿರುವ ಮನೆತನಕ್ಕೂ ಕನಿಷ್ಠ ನಾಲ್ಕು ತಾರೀಖುಗಳಿರುತ್ತವೆ: ಅಜ್ಜ ಕುಲುಮೆ ಹಚ್ಚಿದ ಅಥವಾ ದಲ್ಲಾಳಿ ಅಂಗಡಿ ಇಟ್ಟ ವರ್ಷ, ಅಣ್ಣತಮ್ಮಂದಿರು ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕಿದ ವರ್ಷ, ಕಾರ್ಖಾನೆಗೆ ಲೈಸೆನ್ಸ್ ಸಿಕ್ಕ ವರ್ಷ, ಪ್ರೈವೇಟ್ ಲಿಮಿಟೆಡ್ ಆದ ವರ್ಷ. ಕೊನೆಯದನ್ನು ಪತ್ತೆ ಹಚ್ಚುವುದು ಸುಲಭ. ಕಂಪನಿಯ ಪ್ರತಿಯೊಂದು ಬಿಲ್ಲಿನ ಮೇಲೂ ಇರುವ ಇಪ್ಪತ್ತೊಂದು ಸ್ಥಾನಗಳ ಸಿಐಎನ್ ಎಂಬ ಕಂಪನಿ ಗುರುತಿನ ಸಂಖ್ಯೆಯನ್ನು ನೋಡಿ: ಮೊದಲ ಅಕ್ಷರ ಷೇರುಪೇಟೆಯಲ್ಲಿದೆಯೇ ಇಲ್ಲವೇ ಎಂಬುದನ್ನೂ, ಮುಂದಿನ ಐದು ಅಂಕಿಗಳು ಉದ್ಯಮದ ಬಗೆಯನ್ನೂ, ಅದರ ಮುಂದಿನ ಎರಡು ಅಕ್ಷರಗಳು ರಾಜ್ಯವನ್ನೂ ಹೇಳುತ್ತವೆ, ಒಂಬತ್ತರಿಂದ ಹನ್ನೆರಡನೆಯ ಸ್ಥಾನದವರೆಗಿನ ನಾಲ್ಕು ಅಂಕಿ ನೋಂದಣಿಯ ವರ್ಷ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನಿಗದಿತ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಅಲ್ಲಿರುವ ಸಾರ್ವಜನಿಕ ದಾಖಲೆಗಳನ್ನು ನೋಡಬಹುದು. ನೋಂದಣಿಯಾದಾಗಿನ ನಿಯಮಾವಳಿಯ ಕೊನೆಯ ಪುಟದಲ್ಲಿ ಮೊದಲ ಷೇರುದಾರರ ಹೆಸರು, ತಂದೆಯ ಹೆಸರು, ವೃತ್ತಿ, ಪಡೆದ ಷೇರುಗಳ ಸಂಖ್ಯೆ ಇರುತ್ತವೆ. ಆ ಒಂದು ಪುಟದಲ್ಲಿ, ಮನೆಯ ಕಥೆಯಲ್ಲಿ ಎಲ್ಲಿಯೂ ಬಾರದ ಒಬ್ಬ ಭಾವಮೈದುನನೋ ಒಬ್ಬ ಸ್ನೇಹಿತನೋ ಕಾಣಿಸಿಕೊಂಡರೆ ಅಲ್ಲಿಂದ ನಿಮ್ಮ ನಿಜವಾದ ಕೆಲಸ ಆರಂಭವಾಗುತ್ತದೆ.

ಯಂತ್ರವನ್ನು ಓದುವುದು

ಕಾರ್ಖಾನೆಯಲ್ಲಿ ಕಾಗದಕ್ಕಿಂತ ಗಟ್ಟಿಯಾದ ದಾಖಲೆ ಕಬ್ಬಿಣದ ಮೇಲಿರುತ್ತದೆ. ಇದನ್ನು ನಾನು ತಪ್ಪು ಮಾಡಿ ಕಲಿತೆ. ಒಂದು ಫೌಂಡ್ರಿಯ ಮನೆತನದ ಬಗ್ಗೆ ಬರೆಯುವಾಗ ಅವರ ಮೊದಲ ಲೇತ್ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂತೆಂದು ಯಜಮಾನರು ಹೇಳಿದ್ದನ್ನು ಹಾಗೆಯೇ ಬರೆದಿದ್ದೆ. ಕರಡನ್ನು ಓದಿ ಕೇಳಿಸಿಕೊಂಡ ನಿವೃತ್ತ ಫಿಟ್ಟರೊಬ್ಬರು ಏನನ್ನೂ ಹೇಳದೆ ನನ್ನನ್ನು ಶೆಡ್ಡಿನ ಮೂಲೆಗೆ ಕರೆದುಕೊಂಡು ಹೋದರು. ಕಾಟನ್ ವೇಸ್ಟನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹೆಡ್‌ಸ್ಟಾಕಿನ ಬದಿಯನ್ನು ಉಜ್ಜತೊಡಗಿದರು. ಎಷ್ಟೋ ವರ್ಷಗಳ ಗ್ರೀಸು, ಅದರ ಮೇಲೆ ಕೂತ ಬೀಡಿನ, ಅಂದರೆ ಎರಕದ ಕಬ್ಬಿಣದ, ಪುಡಿ, ಅದರ ಮೇಲೆ ಬಳಿದ ಹಸಿರು ಬಣ್ಣ ಒಂದೊಂದೇ ಪದರವಾಗಿ ಬಿಟ್ಟುಕೊಂಡ ಮೇಲೆ ಪುಟ್ಟ ತಗಡೊಂದು ಕಾಣಿಸಿತು. ಅದರ ಮೇಲೆ ಇದ್ದದ್ದು ಹರಿಹರದ ಹೆಸರು. ‘ಇಲ್ಲೇ ಹದಿನಾಲ್ಕು ಕಿಲೋಮೀಟರಿಂದ ಬಂದದ್ದು ಸರ್, ಲಾರಿ ಮ್ಯಾಲೆ. ಇಳಿಸ್ಕೊಂಡಾವ್ನು ನಾನೇ’ ಎಂದರು. ಯಜಮಾನರು ಸುಳ್ಳು ಹೇಳಿರಲಿಲ್ಲ. ಅವರು ಚಿಕ್ಕವರಿದ್ದಾಗ ಮನೆಯಲ್ಲಿ ಕೇಳಿದ್ದ ಬೇರೊಂದು ಯಂತ್ರದ ಕಥೆ ಈ ಯಂತ್ರಕ್ಕೆ ಅಂಟಿಕೊಂಡಿತ್ತು, ಅಷ್ಟೇ. ನಿಜವಾದ ಸಂಗತಿ ಕಥೆಗಿಂತ ದೊಡ್ಡದಾಗಿತ್ತು: ತುಂಗಭದ್ರೆಯ ದಡದಲ್ಲಿ ಲೇತ್ ತಯಾರಾಗುತ್ತಿದ್ದುದರಿಂದಲೇ ಇಂಥ ಸಣ್ಣ ಮನೆತನಗಳು ಯಂತ್ರ ಕೊಳ್ಳುವ ಧೈರ್ಯ ಮಾಡಿದವು, ಬಿಡಿಭಾಗ ಬೇಕಾದರೆ ಬಸ್ಸಿನಲ್ಲಿ ಹೋಗಿ ತರಬಹುದಿತ್ತು.

ಅಂದಿನಿಂದ ನಾನು ಪ್ರತಿಯೊಂದು ಯಂತ್ರದ ತಗಡಿನ ಫೋಟೊ ತೆಗೆದುಕೊಳ್ಳದೆ ಯಂತ್ರದ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ. ತಯಾರಕರ ಹೆಸರು, ಊರು, ಕ್ರಮಸಂಖ್ಯೆ, ಕೆಲವೊಮ್ಮೆ ವರ್ಷವೂ ಅದರಲ್ಲಿರುತ್ತದೆ. ಹಳೆಯ ನೂಲಿನ ಗಿರಣಿಯ ಯಂತ್ರವಾದರೆ ಚೌಕಟ್ಟಿನ ಎರಕದಲ್ಲಿಯೇ ಓಲ್ಡ್‌ಹ್ಯಾಮಿನ ಪ್ಲ್ಯಾಟ್ ಬ್ರದರ್ಸ್ ಅಥವಾ ಅಕ್ರಿಂಗ್‌ಟನ್ನಿನ ಹೊವಾರ್ಡ್ ಅಂಡ್ ಬುಲೋ ಎಂಬಂಥ ಲ್ಯಾಂಕಾಶೈರಿನ ಹೆಸರುಗಳು ಉಬ್ಬಿಕೊಂಡಿರುವುದುಂಟು. ಯಂತ್ರ ಗುಜರಿಗೆ ಹೋಗಿದ್ದರೆ ಅದು ನಿಂತಿದ್ದ ಕಾಂಕ್ರೀಟ್ ಪೀಠ, ಅದರ ಬೋಲ್ಟುಗಳ ಅಂತರ, ಬೆಲ್ಟುಗಳ ಮೂಲಕ ಹಲವು ಯಂತ್ರಗಳನ್ನು ತಿರುಗಿಸುವ ಮೇಲಿನ ಲೈನ್ ಶಾಫ್ಟಿನ ಬ್ರ್ಯಾಕೆಟ್ಟುಗಳು ಉಳಿದಿರುತ್ತವೆ. ಒಂದೇ ಮೋಟಾರಿನಿಂದ ಎಷ್ಟು ಯಂತ್ರ ತಿರುಗುತ್ತಿದ್ದವೆಂಬುದು ಅದರಿಂದ ತಿಳಿಯುತ್ತದೆ.

ಫೌಂಡ್ರಿಯಾದರೆ ಪ್ಯಾಟರ್ನ್‌ಗಳ ಅಟ್ಟವನ್ನು ಹತ್ತಲೇಬೇಕು. ಎರಕದ ಅಚ್ಚು ತೆಗೆಯಲು ಬಡಿಗರು ಮಾಡಿದ ಆ ಮರದ ಮಾದರಿಗಳು ಆ ಕಾರ್ಖಾನೆ ಏನೇನನ್ನು ಮಾಡಿತು ಎಂಬುದರ ಪೂರ್ಣ ಪಟ್ಟಿ. ಗಾಡಿಯ ಗುಂಬ, ಕಬ್ಬಿನ ಗಾಣದ ಹಲ್ಲುಚಕ್ರ, ಶೇಂಗಾ ಸುಲಿಯುವ ಯಂತ್ರದ ಜರಡಿ, ಅಕ್ಕಿ ಹಲ್ಲರಿನ ಹೊರಕವಚ, ಪಂಪಿನ ಮೈ, ಹೀಗೆ ಒಂದರ ಮೇಲೊಂದು ಪೇರಿಸಿಟ್ಟದ್ದನ್ನು ಕ್ರಮವಾಗಿ ನೋಡಿದರೆ ಎತ್ತಿನ ಗಾಡಿಯಿಂದ ವಿದ್ಯುತ್ ಪಂಪಿನವರೆಗೆ ನಮ್ಮ ಸುತ್ತಲಿನ ಬೇಸಾಯ ಹೇಗೆ ಬದಲಾಯಿತು ಎಂಬುದೇ ಕಣ್ಣಮುಂದೆ ನಿಲ್ಲುತ್ತದೆ. ಬೀಡು ತಣ್ಣಗಾಗುವಾಗ ಅಡಿಗೆ ಸುಮಾರು ಎಂಟನೇ ಒಂದಂಗುಲದಷ್ಟು ಕುಗ್ಗುವುದರಿಂದ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಮಾಡುತ್ತಾರೆ. ಅಳತೆ ತೆಗೆದುಕೊಳ್ಳುವಾಗ ಪ್ಯಾಟರ್ನಿನ ಅಳತೆಯನ್ನೇ ಮಾಲಿನ ಅಳತೆ ಎಂದು ಬರೆಯಬೇಡಿ.

ಬಾಯಿಮಾತು

ಹಿರಿಯರನ್ನು ಕೇಳುವಾಗ ವರ್ಷವನ್ನು ಕೇಳಬೇಡಿ, ವಸ್ತುವನ್ನು ಕೇಳಿ. ‘ಯಾವ ವರ್ಷ ಕಾರ್ಖಾನೆಗೆ ಕರೆಂಟು ಬಂತು’ ಎಂದರೆ ತಡವರಿಸುವವರು ‘ಕರೆಂಟು ಬಂದ ದಿನ ಹೊಸ ಪೈಸೆ ಬಂದಿತ್ತೋ, ಇನ್ನೂ ಆಣೆ ಇತ್ತೋ’ ಎಂದರೆ ನಿಖರವಾಗಿ ಹೇಳುತ್ತಾರೆ. ಅಣ್ಣತಮ್ಮಂದಿರನ್ನು ಒಟ್ಟಿಗೆ ಕೂರಿಸಿ ಕೇಳಬಾರದು. ದೊಡ್ಡವರ ಎದುರಿಗೆ ಚಿಕ್ಕವರು ಹೌದ್ರಿ ಎನ್ನುತ್ತಾರೆಯೇ ಹೊರತು ತಮ್ಮ ನೆನಪನ್ನು ಹೇಳುವುದಿಲ್ಲ. ರೆಕಾರ್ಡ್ ಮಾಡುವ ಮುನ್ನ ಒಪ್ಪಿಗೆ ಕೇಳಿ. ‘ಇದನ್ನ ಬರೀಬ್ಯಾಡ್ರಿ’ ಎಂದು ಹೇಳಿದ್ದನ್ನು ಬರೆಯಬೇಡಿ, ಆದರೆ ಅದೇ ಸಂಗತಿ ಕೋರ್ಟಿನ ತೀರ್ಪಿನಲ್ಲಿಯೋ ನೋಂದಣಿ ಪತ್ರದಲ್ಲಿಯೋ ಇದ್ದರೆ ಆ ಆಧಾರದ ಮೇಲೆ ಬರೆಯುವುದಾಗಿ ಅವರಿಗೇ ತಿಳಿಸಿ.

ಮನೆಯ ಹೆಣ್ಣುಮಕ್ಕಳನ್ನು ಕೇಳದ ಚರಿತ್ರೆ ಅರ್ಧ ಚರಿತ್ರೆ. ಒಂದು ಕಿರ್ದಿಯಲ್ಲಿ ‘ಮನೆಯಿಂದ ಜಮಾ’ ಎಂಬ ಒಂದೇ ಸಾಲಿತ್ತು. ಗಂಡಸರಲ್ಲಿ ಯಾರಿಗೂ ಅದೇನೆಂದು ಗೊತ್ತಿರಲಿಲ್ಲ. ಪುಟವನ್ನು ಒಳಮನೆಗೆ ಒಯ್ದು ಓದಿ ಹೇಳಿದಾಗ ಅಜ್ಜಿ ತಕ್ಷಣ ಹೇಳಿದರು: ‘ಅದು ನಮ್ಮತ್ತಿಯ ಡಾಬು ರೀ. ಮಾರಿದ್ದಲ್ಲ, ಅಡ ಇಟ್ಟಿದ್ದು. ಬಿಡಿಸ್ಕೊಳಾಕೆ ಏಳು ವರ್ಷ ಆತು.’ ಏಳು ವರ್ಷ ಮುಂದಿನ ಪುಸ್ತಕವನ್ನು ಹುಡುಕಿದಾಗ ಬಡ್ಡಿಸಹಿತ ಬಿಡಿಸಿದ ಖರ್ಚು ಸಿಕ್ಕಿತು. ಬಾಯಿಮಾತೂ ಬರಹವೂ ಹೀಗೆ ಒಂದನ್ನೊಂದು ಹಿಡಿದು ನಿಂತಾಗ ಆ ಸಂಗತಿಯನ್ನು ಯಾರೂ ಅಲ್ಲಾಡಿಸಲಾರರು. ಇದನ್ನು ‘ತ್ಯಾಗಮಯಿ ಮಾತೆ’ ಎಂಬ ಅಧ್ಯಾಯದಲ್ಲಿ ಹಾಕಬೇಡಿ. ಬಂಡವಾಳದ ಅಧ್ಯಾಯದಲ್ಲಿ, ಬ್ಯಾಂಕಿನ ಸಾಲದ ಪಕ್ಕದಲ್ಲಿ, ಅವರ ಹೆಸರಿನೊಡನೆ ಹಾಕಿ. ಅದು ಇರಬೇಕಾದ ಜಾಗ ಅದೇ.

ಕಾರ್ಮಿಕರ ಮಾತು ಇನ್ನೂ ಕಷ್ಟ. ಯಜಮಾನರ ಪರವಾಗಿ ಬಂದವರೆಂದು ತಿಳಿದರೆ ಅವರು ‘ಸಾವ್ಕಾರ್ರು ದೇವರಂಥೋರು’ ಎಂದು ಮುಗಿಸುತ್ತಾರೆ. ಅವರ ಮನೆಗೆ ಹೋಗಿ, ಕಾರ್ಖಾನೆಯ ಹೊಗಳಿಕೆಯನ್ನು ಕೇಳದೆ ಕೆಲಸವನ್ನು ಕೇಳಿ: ಪಾಳಿ ಎಷ್ಟು ಗಂಟೆಗೆ ಬದಲಾಗುತ್ತಿತ್ತು, ಬದಲಿ ಕೆಲಸಗಾರ ಗೇಟಿನ ಹತ್ತಿರ ಎಷ್ಟು ಹೊತ್ತು ನಿಲ್ಲಬೇಕಿತ್ತು, ಬೀಡು ಕರಗಿಸುವ ಕುಲುಮೆಯಾದ ಕ್ಯುಪೋಲಾ ಹಚ್ಚಿದ ದಿನ ಊಟ ಯಾವಾಗ, ಬೆರಳು ಹೋದವರು ಯಾರು, ಪರಿಹಾರ ಸಿಕ್ಕಿತೇ. ಗಿರಣಿ ಕಾರ್ಮಿಕರ ಸಂಘಟನೆಯ ಬಲ ಈ ಊರಿನಲ್ಲಿ ಎಷ್ಟಿತ್ತೆಂದರೆ ಕಾರ್ಮಿಕ ಮುಖಂಡ ಪಂಪಾಪತಿಯವರು ಸಿಪಿಐ ಅಭ್ಯರ್ಥಿಯಾಗಿ ದಾವಣಗೆರೆಯಿಂದ ವಿಧಾನಸಭೆಗೆ ಒಂದಕ್ಕಿಂತ ಹೆಚ್ಚು ಬಾರಿ ಆರಿಸಿಬಂದರು. ಅಂಥ ಊರಿನ ಕಾರ್ಖಾನೆಯ ಚರಿತ್ರೆಯಲ್ಲಿ ಮುಷ್ಕರದ ಒಂದು ಸಾಲೂ ಇಲ್ಲದಿದ್ದರೆ ಓದುಗರು ಉಳಿದುದನ್ನೂ ನಂಬುವುದಿಲ್ಲ.

ವಂಶವೃಕ್ಷಕ್ಕೆ ಹೆಳವರನ್ನು ಮರೆಯಬಾರದು. ಸುಗ್ಗಿಯ ನಂತರ ಊರಿಗೆ ಬಂದು ಮನೆತನದ ಹೆಸರುಗಳನ್ನು ಹೊತ್ತಗೆ ನೋಡಿ ಹಾಡುವ ಅವರ ಬಳಿ, ಮನೆಯವರಿಗೇ ಗೊತ್ತಿಲ್ಲದ ಮೂಲ ಊರಿನ ಹೆಸರು ಸಿಗುವುದುಂಟು. ಹೆಣ್ಣುಮಕ್ಕಳ ಹೆಸರು ಅದರಲ್ಲಿ ವಿರಳ. ಅವನ್ನು ಲಗ್ನಪತ್ರಿಕೆಗಳಿಂದ ತುಂಬಿಕೊಳ್ಳಬೇಕಾಗುತ್ತದೆ.

ಹೊರಗಿನ ದಾಖಲೆಗಳು

ದಾವಣಗೆರೆಯ ಬಗ್ಗೆ 1997ಕ್ಕಿಂತ ಹಿಂದಿನ ಯಾವ ಸರ್ಕಾರಿ ಕಾಗದವನ್ನು ಹುಡುಕುವಾಗಲೂ ಚಿತ್ರದುರ್ಗ ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕು. ಗೆಜೆಟಿಯರಿನ ಉದ್ದಿಮೆಗಳ ಅಧ್ಯಾಯವೂ ಅಲ್ಲಿಯೇ ಇದೆ. ಇನ್ನೂ ಹಿಂದೆ ಹೋದರೆ, 1956ರ ಕಂಪನಿ ಕಾಯ್ದೆಗೆ ಮೊದಲು ಮೈಸೂರು ಸಂಸ್ಥಾನಕ್ಕೆ ತನ್ನದೇ ಕಂಪನಿ ಕಾನೂನಿತ್ತು. ಆ ಕಾಲದ ಕೈಗಾರಿಕಾ ಕಡತಗಳಿಗಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಜಾಗದ ಚರಿತ್ರೆಗೆ ಉಪನೋಂದಣಿ ಕಚೇರಿಯ ಋಣಭಾರ ಪತ್ರ ಬಹಳ ಉಪಯುಕ್ತ, ಯಾವ ವರ್ಷ ಯಾವ ಬ್ಯಾಂಕಿಗೆ ಶೆಡ್ಡನ್ನು ಅಡವಿಟ್ಟರು, ಯಾವಾಗ ಬಿಡಿಸಿದರು ಎಂಬುದು ಅದರಲ್ಲಿ ಸಾಲಾಗಿ ಬರುತ್ತದೆ. 1948ರ ಕಾರ್ಖಾನೆಗಳ ಕಾಯ್ದೆಯಡಿ ವಿದ್ಯುತ್ ಬಳಸುವ ಕಡೆ 10 ಜನ, ಇಲ್ಲದ ಕಡೆ 20 ಜನ ಕೆಲಸಗಾರರಿದ್ದರೆ ನೋಂದಣಿ ಆಗಬೇಕಿತ್ತು. ಆದ್ದರಿಂದ ಲೈಸೆನ್ಸಿನ ಮೊದಲ ವರ್ಷ ಎಂದರೆ ಕೆಲಸಗಾರರ ಸಂಖ್ಯೆ ಆ ಗೆರೆಯನ್ನು ದಾಟಿದ ವರ್ಷವೆಂದು ಬಹುಮಟ್ಟಿಗೆ ಓದಬಹುದು. ಊರಿನ ಪತ್ರಿಕೆಗಳ ಹಳೆಯ ಸಂಪುಟಗಳಲ್ಲಿ ಸುದ್ದಿಗಿಂತ ಜಾಹೀರಾತನ್ನು ನೋಡಿ. ಬೆಲೆ, ಮಾದರಿ, ಏಜೆಂಟರ ಊರು ಅದರಲ್ಲಿರುತ್ತವೆ.

ಬರೆಯುವಾಗ

ಕಾಲಾನುಕ್ರಮದಲ್ಲಿ ಬರೆಯಿರಿ, ಆದರೆ ಯಜಮಾನರ ತಲೆಮಾರಿಗೊಂದು ಅಧ್ಯಾಯ ಎಂದು ಹಂಚಬೇಡಿ. ಕಾರ್ಖಾನೆಯ ತಿರುವುಗಳು ತಲೆಮಾರನ್ನು ನೋಡಿ ಬರುವುದಿಲ್ಲ. ಹೊಸ ಯಂತ್ರ, ಹೊಸ ಗಿರಾಕಿ, ಬರಗಾಲ, ಮುಷ್ಕರ, ಪಾಲು, ಇವು ತಿರುವುಗಳು. ಪಾಲಿನ ವಿಷಯದಲ್ಲಿ ಮನೆಯವರು ಹಿಂಜರಿಯುತ್ತಾರೆ. ಯಾರದು ತಪ್ಪು ಎಂದು ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ. ಆದರೆ ಯಾವ ಶೆಡ್ಡು ಯಾರಿಗೆ ಹೋಯಿತು, ಕಂಪನಿಯ ಹೆಸರು ಯಾರ ಬಳಿ ಉಳಿಯಿತು, ಹಳೆಯ ಕೆಲಸಗಾರರಲ್ಲಿ ಯಾರು ಯಾವ ಕಡೆ ಹೋದರು ಎಂಬಷ್ಟನ್ನು ಹೇಳದಿದ್ದರೆ ಮುಂದಿನ ಅಧ್ಯಾಯದಲ್ಲಿ ಅರ್ಧ ಯಂತ್ರಗಳು ಎಲ್ಲಿ ಹೋದವೆಂದು ಓದುಗರಿಗೆ ಅರ್ಥವಾಗುವುದಿಲ್ಲ. ಯಜಮಾನರಿಗೆ ‘ಅವರು’ ಎಂದೂ ಎರಕದ ಅಚ್ಚು ಕಟ್ಟುವ ಮೋಲ್ಡರಿಗೆ ‘ಅವನು’ ಎಂದೂ ಬರೆಯುವ ಪದ್ಧತಿಯನ್ನು ದಯವಿಟ್ಟು ಬಿಡಿ. ಎಲ್ಲರಿಗೂ ಬಹುವಚನವೇ ಇರಲಿ. ‘ಅಪಾರ ಶ್ರಮ’, ‘ದೂರದೃಷ್ಟಿ’ ಎಂಬ ಪದಗಳು ಬಂದ ಕಡೆಯೆಲ್ಲ ಅವನ್ನು ತೆಗೆದು ಅಲ್ಲಿ ಅವರು ಮಾಡಿದ ಒಂದು ಕೆಲಸವನ್ನು ಇಡಿ.

ಕರಡು ಮುಗಿದ ಮೇಲೆ ಎರಡು ಕಡೆ ಓದಿಸಬೇಕು. ಮೊದಲು ಮನೆಯವರಿಗೆ, ಹೆಸರು, ಸಂಬಂಧ, ತಾರೀಖುಗಳನ್ನು ತಿದ್ದಲು. ಆಮೇಲೆ ಶೆಡ್ಡಿನಲ್ಲಿ ಕೆಲಸ ಮಾಡಿದ ಒಬ್ಬಿಬ್ಬರಿಗೆ, ಗಟ್ಟಿಯಾಗಿ. ತಾಂತ್ರಿಕ ತಪ್ಪುಗಳು ಸಿಗುವುದು ಎರಡನೆಯ ಓದಿನಲ್ಲಿಯೇ. ಅಚ್ಚಾದ ಮೇಲೆ ಪ್ರತಿಗಳನ್ನು ನೆಂಟರಿಷ್ಟರಿಗೆ ಹಂಚುವುದರ ಜೊತೆಗೆ ನಗರದ ಗ್ರಂಥಾಲಯಕ್ಕೂ ಸಮೀಪದ ವಿಶ್ವವಿದ್ಯಾಲಯಕ್ಕೂ ತಲಾ ಎರಡು, ಪುಸ್ತಕದಲ್ಲಿ ಮಾತಾಡಿದ ಪ್ರತಿಯೊಬ್ಬ ಕಾರ್ಮಿಕರ ಮನೆಗೆ ಒಂದು ತಲುಪಿಸಿ. ಸ್ಕ್ಯಾನ್ ಮಾಡಿದ ಕಿರ್ದಿಗಳನ್ನು ಎರಡು ಹಾರ್ಡ್‌ಡಿಸ್ಕುಗಳಲ್ಲಿ ಎರಡು ಬೇರೆ ಮನೆಗಳಲ್ಲಿ ಇಡಿಸಿ. ಮೂಲ ಕಿರ್ದಿಗಳನ್ನು ಹತ್ತಿ ಬಟ್ಟೆಯಲ್ಲಿ ಕಟ್ಟಿ, ಕಟ್ಟಿನ ಮೇಲೆ ಒಳಗೇನಿದೆ ಎಂದು ಬರೆದು, ನೆಲದಿಂದ ಎತ್ತರದ ಕಪಾಟಿನಲ್ಲಿ ಇಟ್ಟು, ಕಪಾಟಿನ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚು ಮಾಡಿಸಿ.